ಚಿತ್ರದ ಕೆಳಗೆ ಹೆಸರಿಲ್ಲದವರು

ಮಂಗಳೂರಿನ ಯಾವುದಾದರೂ ವೃತ್ತದಲ್ಲಿ ಅರ್ಧ ಗಂಟೆ ನಿಂತು ನೋಡಿ. ಕೊರಗಜ್ಜನ ಚಿತ್ರ ಹತ್ತು ಸಲವಾದರೂ ಕಣ್ಣಿಗೆ ಬೀಳುತ್ತದೆ. ರಿಕ್ಷಾದ ಹಿಂಬದಿಯಲ್ಲಿ, ಸಿಟಿ ಬಸ್ಸಿನ ಎದುರಿನ ಗಾಜಿನ ಮೇಲೆ, ಹೊಸ ಕಾರಿನ ಸ್ಟಿಕ್ಕರಿನಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಅಜ್ಜನಿದ್ದಾನೆ. ತಲೆಗೆ ಮುಟ್ಟಾಳೆ, ಕೈಯಲ್ಲೊಂದು ಕೋಲು. ಕಳೆದುಹೋದ ಚಿನ್ನ ಸಿಗಲಿ, ಮಗ ಪರೀಕ್ಷೆಯಲ್ಲಿ ಪಾಸಾಗಲಿ, ಕೋರ್ಟಿನ ಕೇಸು ಮುಗಿಯಲಿ ಎಂದು ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಹೇಳಿಕೊಳ್ಳುವವರು ಈ ಊರಿನಲ್ಲಿ ಎಲ್ಲ ಜಾತಿಗಳಲ್ಲೂ ಇದ್ದಾರೆ. ಏಳು ಆಳಿನ ಹೊರೆಯನ್ನು ಒಬ್ಬನೇ ಹೊತ್ತು ತಂದ ಕೊರಗ ತನಿಯನನ್ನು ಗುಡಿಯ ಹೊರಗೇ ನಿಲ್ಲಿಸಿದರು, ಅಲ್ಲಿಂದ ಅವನು ಮಾಯವಾದ, ದೈವವಾದ ಎಂದು ಪಾಡ್ದನ ಹೇಳುತ್ತದೆ. ಹೊರಗೆ ನಿಂತವನು ಇಂದು ಊರಿನ ಅತ್ಯಂತ ಪರಿಚಿತ ಮುಖ.

ಈಗ ಇನ್ನೊಂದು ಪ್ರಶ್ನೆ. ಕೊರಗ ಸಮುದಾಯದ ಜೀವಂತ ಮನುಷ್ಯರೊಬ್ಬರ ಭಾವಚಿತ್ರವನ್ನು, ಕೆಳಗೆ ಅವರ ಹೆಸರಿನ ಸಮೇತ, ನೀವು ಎಲ್ಲಾದರೂ ನೋಡಿದ್ದೀರಾ? ಡೋಲು ಬಾರಿಸುವ ಕೊರಗ, ಬುಟ್ಟಿ ಹೆಣೆಯುವ ಕೊರಗ ಮಹಿಳೆ ಎಂಬ ಅಡಿಬರಹದ ಚಿತ್ರಗಳನ್ನು ಖಂಡಿತ ನೋಡಿರುತ್ತೀರಿ. ಶಾಲೆಯ ಸಮಾಜ ಪಾಠದ ಚಾರ್ಟಿಗೆ ಅಂಟಿಸಿಯೂ ಇರುತ್ತೀರಿ. ಆ ಮಹಿಳೆಯ ಹೆಸರೇನು, ಬುಟ್ಟಿ ಯಾರಿಗೆ ಮಾರಿದಳು, ಮಕ್ಕಳು ಎಷ್ಟನೆಯ ತರಗತಿಯಲ್ಲಿದ್ದಾರೆ ಎಂಬುದು ಮಾತ್ರ ಅಡಿಬರಹದಲ್ಲಿ ಇರುವುದಿಲ್ಲ.

ನಗರದ ಅಂಚಿನಲ್ಲಿ ಬದುಕುವವರನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸುವ ಕಲೆಗೆ ಜಗತ್ತಿನಲ್ಲಿ ಒಂದೂವರೆ ಶತಮಾನದಷ್ಟು ಹಳೆಯ ಪರಂಪರೆಯಿದೆ. ಅದರ ಒಳ್ಳೆಯದು ಕೆಟ್ಟದ್ದೆರಡನ್ನೂ ಈ ಒಂದು ಪ್ರಶ್ನೆಯಿಂದ ಅಳೆಯಬಹುದು ಎಂದು ನನಗನಿಸುತ್ತದೆ. ಚಿತ್ರದಲ್ಲಿರುವವರಿಗೆ ಹೆಸರಿದೆಯೇ, ಇಲ್ಲವೇ?

ಎಲೆಯುಡುಗೆಯ ಚಿತ್ರ

ಎಂ.ಜೆ. ವಾಲ್‌ಹೌಸ್ ಎಂಬ ಬ್ರಿಟಿಷ್ ಅಧಿಕಾರಿ ಮದ್ರಾಸ್ ಸರಕಾರದ ಸಿವಿಲ್ ಸೇವೆಯಲ್ಲಿದ್ದವನು, ನಮ್ಮ ಜಿಲ್ಲೆಯನ್ನು ಹತ್ತಿರದಿಂದ ಕಂಡವನು. ಭೂತಾರಾಧನೆಯ ಬಗ್ಗೆಯೂ ಬರೆದಿದ್ದಾನೆ. 1875ರಲ್ಲಿ ಲಂಡನ್ನಿನ ಮಾನವಶಾಸ್ತ್ರ ಪತ್ರಿಕೆಯೊಂದರಲ್ಲಿ ಆತ ಕೊರಗರ ಬಗ್ಗೆ ಲೇಖನ ಪ್ರಕಟಿಸಿದ. ಅದರ ಶೀರ್ಷಿಕೆಯಲ್ಲಿ ಕೊರಗ ಎಂಬ ಹೆಸರೇ ಇಲ್ಲ. ಭಾರತದ ಪಶ್ಚಿಮ ಕರಾವಳಿಯ ಎಲೆ ತೊಡುವ ಬುಡಕಟ್ಟು ಎಂದಷ್ಟೇ ಇದೆ. ಹೆಂಗಸರು ಬಟ್ಟೆಯ ಮೇಲೆ ಸೊಪ್ಪಿನ ಹೊದಿಕೆ ಕಟ್ಟಿಕೊಳ್ಳುತ್ತಿದ್ದರು. ಒಂದು ಕಾಲದಲ್ಲಿ ಬಟ್ಟೆ ತೊಡುವ ಹಕ್ಕೇ ಇಲ್ಲದಿದ್ದುದರ ಗುರುತು ಅದು. ಬಟ್ಟೆ ಬಂದ ಮೇಲೂ, ಬಿಟ್ಟರೆ ಕೇಡಾದೀತೆಂಬ ಭಯದಿಂದ ಅದು ಉಳಿದಿತ್ತು. ಅಂದರೆ ಲಂಡನ್ನಿನ ಓದುಗರು ಕುತೂಹಲದಿಂದ ನೋಡಿದ್ದು ಒಂದು ಶಿಕ್ಷೆಯ ಕುರುಹನ್ನು.

ಇದೇ ವರ್ಷಗಳಲ್ಲಿ ವಸಾಹತು ಸರಕಾರ 'ದ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳ ಗ್ರಂಥವನ್ನು ಹೊರತಂದಿತು. 1868ರಿಂದ 1875ರ ತನಕ ಪ್ರಕಟವಾದ ಇದರಲ್ಲಿ 468 ಫೋಟೊಗಳಿವೆ. 1857ರ ದಂಗೆಯ ಪೆಟ್ಟು ತಿಂದ ಆಡಳಿತಕ್ಕೆ ತಾನು ಆಳುವ ಜನ ಯಾರು, ಯಾರನ್ನು ನಂಬಬಹುದು ಎಂದು ತಿಳಿಯಬೇಕಿತ್ತು. ಇಂಥ ಗ್ರಂಥಗಳಲ್ಲಿ ಒಬ್ಬ ಮನುಷ್ಯ ಒಂದು ಜಾತಿಯ ಮಾದರಿಯಾಗಿ ನಿಲ್ಲುತ್ತಾನೆ, ಪಿನ್ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಚಿಟ್ಟೆಯ ಹಾಗೆ.

ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕೋಶವನ್ನು ಪ್ರಕಟಿಸಿದ. ಆತನ ಸಲಕರಣೆಗಳು ಕ್ಯಾಮೆರಾ ಮತ್ತು ಕ್ಯಾಲಿಪರ್ಸ್. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ಜನಾಂಗವನ್ನು ನಿರ್ಣಯಿಸಬಹುದು ಎಂಬುದು ಅಂದಿನ ವಿಜ್ಞಾನದ ನಂಬಿಕೆ (ಇಂದು ಯಾವ ವಿಜ್ಞಾನಿಯೂ ಅದನ್ನು ಒಪ್ಪುವುದಿಲ್ಲ). ವಯನಾಡಿನಲ್ಲಿ ತನ್ನನ್ನು ಕಂಡೊಡನೆ ಪಣಿಯರ ಹೆಂಗಸರು ಓಡಿಹೋದರು, ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ ಹುಲ್ಲು ತುಂಬಿ ಮ್ಯೂಸಿಯಮ್ಮಿನಲ್ಲಿ ಇಡುತ್ತಾನೆಂದು ಹೆದರಿದರು ಎಂದು ಆತನೇ ತಮಾಷೆಯಾಗಿ ಬರೆದುಕೊಂಡಿದ್ದಾನೆ. ನನಗೇನೋ ಆ ಹೆಂಗಸರು ಸಂಗತಿಯನ್ನು ಸರಿಯಾಗಿಯೇ ಗ್ರಹಿಸಿದ್ದರು ಎನಿಸುತ್ತದೆ! ಕೊರಗರ ಬಗ್ಗೆಯೂ ಆ ಕೋಶದಲ್ಲಿ ದೀರ್ಘ ಬರಹವಿದೆ. ಸಾರ್ವಜನಿಕ ದಾರಿಯಲ್ಲಿ ಉಗುಳಬಾರದೆಂದು ಕೊರಳಿಗೆ ಅಂಡೆ ಕಟ್ಟಿಕೊಂಡು ನಡೆಯಬೇಕಾಗಿದ್ದ 'ಅಂಡೆ ಕೊರಗ'ರ ವಿಷಯ ಅಲ್ಲಿ ದಾಖಲಾಗಿದೆ. ಆ ದಾಖಲೆ ಇಲ್ಲದಿದ್ದರೆ ಅದೆಲ್ಲ ಸುಳ್ಳು ಎನ್ನುವವರೂ ಇಂದು ಇರುತ್ತಿದ್ದರು. ಆದ್ದರಿಂದ ಥರ್ಸ್ಟನ್ನನನ್ನು ಪೂರ್ತಿ ತಳ್ಳಿಹಾಕಲೂ ಮನಸ್ಸು ಬಾರದು.

ಬಾಸೆಲ್ ಮಿಶನ್ನಿನವರದು ಸ್ವಲ್ಪ ಬೇರೆ ಬಗೆ. 1834ರಲ್ಲಿ ಮಂಗಳೂರಿಗೆ ಬಂದ ಈ ಪಾದ್ರಿಗಳು ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಎಂದು ಒಂದೊಂದನ್ನೇ ಕಟ್ಟಿದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಅವರ ಸಂಗ್ರಹಾಲಯದಲ್ಲಿ ಇಲ್ಲಿನ ಮಗ್ಗದ ಶಾಲೆ, ಹಂಚಿನ ಕಾರ್ಖಾನೆ, ಶಾಲಾ ಮಕ್ಕಳ ಹಳೆಯ ಫೋಟೊಗಳು ಇವೆ. ಊರಿನಲ್ಲಿ ದಾನಿಗಳಿಗೆ ತೋರಿಸಲೆಂದು ತೆಗೆದ ಚಿತ್ರಗಳಾದ್ದರಿಂದ ಎಲ್ಲರೂ ಶುಭ್ರವಾಗಿ, ಸಾಲಾಗಿ ನಿಂತಿರುತ್ತಾರೆ. ಆದರೂ ಕೆಲಸ ಮಾಡುವ ಕೈಗಳು ಮೊದಲ ಬಾರಿಗೆ ಇಲ್ಲಿ ಫೋಟೊಕ್ಕೆ ಬಂದವು.

ಕಪ್ಪು ಹೆಚ್ಚು ಕಪ್ಪಾದದ್ದು

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು ಹೇಳಬೇಕು. ಆ ಕಾಲದ ಫೋಟೊಗಳಲ್ಲಿ ನಮ್ಮ ಜನ ಇದ್ದುದಕ್ಕಿಂತ ಹೆಚ್ಚು ಕಪ್ಪಾಗಿ ಕಾಣುತ್ತಾರೆ. ಅದಕ್ಕೆ ಕಾರಣ ರಸಾಯನಶಾಸ್ತ್ರ.

1851ರಲ್ಲಿ ಬಂದ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಹಲಗೆಗೆ ದ್ರಾವಣ ಹಚ್ಚಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ನಮ್ಮ ಸೆಕೆಯಲ್ಲಿ ಅದಕ್ಕೆ ಸಿಗುತ್ತಿದ್ದುದು ಕೆಲವೇ ನಿಮಿಷ. ಕತ್ತಲೆಯ ಡೇರೆಯನ್ನು ಹೊತ್ತುಕೊಂಡೇ ತಿರುಗಬೇಕಿತ್ತು. ಎದುರಿಗೆ ನಿಂತವರು ಹಲವು ಸೆಕೆಂಡು ಕದಲಬಾರದು. ಹಳೆಯ ಚಿತ್ರಗಳಲ್ಲಿ ಯಾರೂ ನಗದಿರುವುದಕ್ಕೆ ಇದೂ ಒಂದು ಕಾರಣ. ಈ ಹಲಗೆಗಳು ನೀಲಿ ಬೆಳಕನ್ನು ಮಾತ್ರ ಚೆನ್ನಾಗಿ ಗ್ರಹಿಸುತ್ತಿದ್ದವು. ಕೆಂಪು, ಹಳದಿ ಅವಕ್ಕೆ ಕಾಣುತ್ತಲೇ ಇರಲಿಲ್ಲ. ಕಂದು ಚರ್ಮದಿಂದ ಹೊಮ್ಮುವ ಬೆಳಕಿನಲ್ಲಿ ಕೆಂಪಿನ ಅಂಶವೇ ಹೆಚ್ಚು. ಹಲಗೆ ಅದನ್ನು ಬಿಟ್ಟುಬಿಟ್ಟಿತು, ಮುಖ ಮಸಿಯಾಯಿತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಹಲಗೆಗಳು ಮಾರುಕಟ್ಟೆಗೆ ಬಂದದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ. ಅಷ್ಟರೊಳಗೆ ಜನಾಂಗಗಳ ಬಣ್ಣದ ಬಗ್ಗೆ ಎಷ್ಟೋ ಪುಸ್ತಕಗಳು ಅಚ್ಚಾಗಿಹೋಗಿದ್ದವು.

ಈಗಲೂ ತೊಂದರೆ ಪೂರ್ತಿ ತಪ್ಪಿಲ್ಲ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿನ ದೃಶ್ಯವನ್ನೆಲ್ಲ ನಡುಬೂದು ಎಂದೇ ಭಾವಿಸುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಕಪ್ಪು ಮೈಬಣ್ಣದವರನ್ನು ನಿಲ್ಲಿಸಿ ಮಾಪಕ ಹೇಳಿದಂತೆ ಕ್ಲಿಕ್ಕಿಸಿದರೆ ಗೋಡೆ ಬೂದಾಗುತ್ತದೆ, ಮುಖದಲ್ಲಿ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಬಲ್ಲವರು ಮುಖಕ್ಕೇ ಮಾಪಕ ಹಿಡಿದು ಬೆಳಕನ್ನು ಲೆಕ್ಕಹಾಕುತ್ತಾರೆ, ಗೋಡೆ ಹೇಗಾದರೂ ಆಗಲಿ ಎಂದು ಬಿಡುತ್ತಾರೆ. ಮುರಕಲ್ಲಿನ ಗೋಡೆ ಸಿಕ್ಕರೆ ಇನ್ನೂ ಒಳ್ಳೆಯದು. ಕೆಂಪು ಮುರಕಲ್ಲು ಕಪ್ಪು-ಬಿಳುಪಿನಲ್ಲಿ ಹದವಾದ ಬೂದುಬಣ್ಣಕ್ಕೆ ತಿರುಗಿ ಮುಖವನ್ನು ಎತ್ತಿ ಕೊಡುತ್ತದೆ. ಮೊಬೈಲಿನಲ್ಲಿ ಸಮಸ್ಯೆ ತಿರುಗುಮುರುಗಾಗಿದೆ. ಅನೇಕ ಮೊಬೈಲುಗಳು ಕೇಳದೆಯೇ ಮುಖದ ಗೆರೆಗಳನ್ನು ಅಳಿಸಿ ಬೆಳ್ಳಗಾಗಿಸುತ್ತವೆ. ಐವತ್ತು ವರ್ಷ ಬಿಸಿಲಲ್ಲಿ ದುಡಿದ ಅಜ್ಜಿಯ ಮುಖದಿಂದ ಸುಕ್ಕುಗಳನ್ನು ತೆಗೆದುಬಿಟ್ಟರೆ ಉಳಿಯುವುದು ಯಾರ ಚಿತ್ರ?

ಗುಂಡಿಗಳಿಂದ ಅಳೆದ ಮೇಷ್ಟ್ರು

ಥರ್ಸ್ಟನ್ ಇಲ್ಲಿ ಮೂಗು ಅಳೆಯುತ್ತಿದ್ದ ಕಾಲದಲ್ಲೇ ಅಮೆರಿಕದಲ್ಲಿ ಇನ್ನೊಬ್ಬರು ಮಕ್ಕಳ ಎತ್ತರ ಅಳೆಯುತ್ತಿದ್ದರು. ಲೂಯಿಸ್ ಹೈನ್ ನ್ಯೂಯಾರ್ಕಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. 1908ರಲ್ಲಿ ಆ ಕೆಲಸ ಬಿಟ್ಟು ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗೆ ಫೋಟೊಗ್ರಾಫರಾದರು. ಗಿರಣಿ, ಗಣಿಗಳ ಮಾಲೀಕರು ಒಳಗೆ ಬಿಡುತ್ತಿರಲಿಲ್ಲ. ಬೈಬಲ್ ಮಾರುವವನೆಂದೂ, ಯಂತ್ರಗಳ ಚಿತ್ರ ತೆಗೆಯಲು ಬಂದವನೆಂದೂ ಹೇಳಿ ಒಳಗೆ ಹೋಗುತ್ತಿದ್ದರು. ತಮ್ಮ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆಯೆಂದು ಮೊದಲೇ ತಿಳಿದಿಟ್ಟುಕೊಂಡು, ಪಕ್ಕಕ್ಕೆ ಬಂದ ಮಗು ಯಾವ ಗುಂಡಿಯ ಮಟ್ಟಕ್ಕಿದೆ ಎಂದು ನೋಡಿ, ಜೇಬಿನೊಳಗೇ ಕೈಯಿಟ್ಟು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರಂತೆ.

1908ರ ನವೆಂಬರಿನಲ್ಲಿ ದಕ್ಷಿಣ ಕೆರೊಲಿನಾದ ಹತ್ತಿ ಗಿರಣಿಯಲ್ಲಿ ತೆಗೆದ ಒಂದು ಚಿತ್ರ ಪ್ರಸಿದ್ಧವಾಗಿದೆ. ಉದ್ದಕ್ಕೂ ನೂಲಿನ ಯಂತ್ರ, ಅದರ ಮುಂದೆ ಪುಟ್ಟ ಹುಡುಗಿ. ಅಡಿಬರಹದಲ್ಲಿ ಅವಳ ಹೆಸರು ಸ್ಯಾಡಿ ಫೈಫರ್ ಎಂದಿದೆ, ಎತ್ತರ 48 ಇಂಚು ಎಂದಿದೆ, ಅರ್ಧ ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ ಎಂದಿದೆ. ಅಷ್ಟೇ. ಪಾಪ, ಅಯ್ಯೋ ಎಂಬ ಒಂದು ಪದವೂ ಇಲ್ಲ. ಹೆಸರು ಮತ್ತು ಅಳತೆ ಇದ್ದ ಮೇಲೆ ಮಾಲೀಕರು ಆ ಹುಡುಗಿ ಇಲ್ಲವೇ ಇಲ್ಲ ಎನ್ನುವಂತಿರಲಿಲ್ಲ. ಕಾನೂನು ಗಟ್ಟಿಯಾಗಿ ಬರಲು 1938ರ ತನಕ ಕಾಯಬೇಕಾಯಿತು. ಎರಡು ವರ್ಷಗಳ ಬಳಿಕ ಹೈನ್ ಬಡತನದಲ್ಲಿ ತೀರಿಕೊಂಡರು.

ಇಬ್ಬರೂ ಅಳೆದವರೇ. ಒಬ್ಬನಿಗೆ ಹೆಸರು ಬೇಕಿರಲಿಲ್ಲ, ಇನ್ನೊಬ್ಬರಿಗೆ ಹೆಸರಿಲ್ಲದೆ ಕೆಲಸವೇ ಸಾಗುತ್ತಿರಲಿಲ್ಲ.

ಜರ್ಮನಿಯ ಅಗಸ್ಟ್ ಸ್ಯಾಂಡರ್ ಇವರಿಬ್ಬರ ನಡುವೆ ನಿಲ್ಲುತ್ತಾರೆ. ರೈತ, ಬೇಕರಿಯವ, ವಕೀಲ, ಕುರುಡ, ಭಿಕ್ಷುಕ ಎಂದು ತಮ್ಮ ಸಮಾಜದ ಎಲ್ಲ ಬಗೆಯವರನ್ನೂ ಒಂದೇ ಗಾಂಭೀರ್ಯದಿಂದ ಚಿತ್ರಿಸಿದರು. ಹೆಚ್ಚಿನ ಚಿತ್ರಗಳಿಗೆ ಕಸುಬಿನ ಹೆಸರೇ ಇದೆ. ಆದರೆ ಮಂತ್ರಿಗೆ ಕೊಟ್ಟ ಬೆಳಕನ್ನೇ ಭಿಕ್ಷುಕನಿಗೂ ಕೊಟ್ಟರು. ನಾಜಿ಼ಗಳಿಗೆ ಇದು ಹಿಡಿಸಲಿಲ್ಲ. 1929ರಲ್ಲಿ ಬಂದ ಅವರ ಪುಸ್ತಕದ ಅಚ್ಚುಫಲಕಗಳನ್ನು 1936ರಲ್ಲಿ ನಾಶಮಾಡಿದರು.

ಕೆಜಿಎಫ್‌ನ ಫೋಟೊಗಳು

ನಮ್ಮ ರಾಜ್ಯದಲ್ಲಿ ಫೋಟೊ ಒಂದು ನಿಜವಾಗಿಯೂ ಏನನ್ನಾದರೂ ಬದಲಾಯಿಸಿದ ಉದಾಹರಣೆ ಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗಬೇಕು. ಅಲ್ಲಿ ಕ್ಯಾಮೆರಾ ಹಿಡಿದವರು ಫೋಟೊಗ್ರಾಫರೇ ಅಲ್ಲ.

ಬೆಜವಾಡ ವಿಲ್ಸನ್ 1966ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದರು. ಮನೆಯವರು ತಲೆಮಾರುಗಳಿಂದ ಒಣ ಪಾಯಿಖಾನೆಗಳ ಮಲ ಬಳಿಯುವ ಕೆಲಸದವರು. ಆ ಸಂಗತಿಯನ್ನು ಹೆತ್ತವರು ಬಹಳ ಕಾಲ ಮಗನಿಂದ ಮುಚ್ಚಿಟ್ಟಿದ್ದರು. ತಿಳಿದ ಮೇಲೆ ಒಮ್ಮೆ ಕೆಲಸದ ಜಾಗಕ್ಕೇ ಹೋದ ಅವರು, ಗುಂಡಿಗೆ ಬಿದ್ದ ಬಕೆಟ್ಟನ್ನು ಬರಿಗೈಯಲ್ಲಿ ಎತ್ತಿಕೊಳ್ಳುತ್ತಿದ್ದ ಕೆಲಸಗಾರರನ್ನು ಕಂಡು ಅಲ್ಲೇ ಕುಳಿತು ಅತ್ತರು. 1986ರಿಂದ ಗಣಿಯ ಆಡಳಿತಕ್ಕೆ, ಮಂತ್ರಿಗಳಿಗೆ, ಪತ್ರಿಕೆಗಳಿಗೆ ಕಾಗದದ ಮೇಲೆ ಕಾಗದ ಬರೆದರು. ಯಾರೂ ಕಿವಿಗೊಡಲಿಲ್ಲ. 1993ರಲ್ಲಿ ಸಂಸತ್ತು ಈ ಕೆಲಸವನ್ನು ನಿಷೇಧಿಸಿ ಕಾನೂನು ಮಾಡಿತು. ಕಾನೂನು ಬಂದರೂ ಬಕೆಟ್ಟು ಹೋಗಲಿಲ್ಲ. ನಮ್ಮಲ್ಲಿ ಒಣ ಪಾಯಿಖಾನೆಯೇ ಇಲ್ಲ ಎಂಬುದು ಆಡಳಿತಗಳು ಎಲ್ಲೆಲ್ಲೂ ಕೊಡುತ್ತಿದ್ದ ಉತ್ತರ.

1994ರಲ್ಲಿ ವಿಲ್ಸನ್ ಆ ಪಾಯಿಖಾನೆಗಳ, ಅಲ್ಲಿ ದುಡಿಯುವವರ ಫೋಟೊ ತೆಗೆದು ಹೈದರಾಬಾದಿನ ಹೋರಾಟಗಾರ ಪಾಲ್ ದಿವಾಕರ್ ಅವರಿಗೆ ಕಳುಹಿಸಿದರು. 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯಲ್ಲಿ ಚಿತ್ರ ಸಮೇತ ವರದಿ ಬಂತು. ಕೇಂದ್ರ ಸರಕಾರಿ ಸ್ವಾಮ್ಯದ ಗಣಿಯಲ್ಲಿ, ಕಾನೂನು ಬಂದ ಮರುವರ್ಷವೇ ಹೀಗೆ! ಸಂಸತ್ತಿನವರೆಗೂ ಗದ್ದಲ ಹೋಯಿತು. ಆಡಳಿತ ತುರ್ತು ಸಭೆ ಕರೆದು ಒಣ ಪಾಯಿಖಾನೆಗಳನ್ನು ನೀರಿನ ಪಾಯಿಖಾನೆಗಳಾಗಿ ಬದಲಾಯಿಸಲು, ಕೆಲಸಗಾರರನ್ನು ಬೇರೆ ಕೆಲಸಗಳಿಗೆ ಹಾಕಲು ತೀರ್ಮಾನಿಸಿತು. ಎಂಟು ವರ್ಷಗಳ ಕಾಗದಗಳಿಂದ ಆಗದ್ದು ಕೆಲವು ಫೋಟೊಗಳಿಂದ ಆಯಿತು. ಅವು ಪ್ರದರ್ಶನಕ್ಕೆಂದು ತೆಗೆದ ಚಿತ್ರಗಳಲ್ಲ. ಸಾಕ್ಷ್ಯಕ್ಕೆಂದು ತೆಗೆದವು. ಗಣಿ 2001ರಲ್ಲಿ ಮುಚ್ಚಿತು. ವಿಲ್ಸನ್ ಮತ್ತು ಗೆಳೆಯರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟು, 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2023ರಲ್ಲಿ ಇನ್ನೊಂದು ತೀರ್ಪಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು.

ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಮುಂಬೈಯ ಪತ್ರಿಕಾ ಫೋಟೊಗ್ರಾಫರ್ ಸುಧಾರಕ್ ಓಲ್ವೆ ಅವರಿಗೆ ಪದ್ಮಶ್ರೀ ಬಂತು. ಓಲ್ವೆ ಅವರ ಹೆಸರು ನಿಂತಿರುವುದು ಮುಂಬೈ ಮಹಾನಗರಪಾಲಿಕೆಯ ಸುಮಾರು 30 ಸಾವಿರ ಸಫಾಯಿ ಕಾರ್ಮಿಕರ ಬದುಕಿನ ಕಪ್ಪು-ಬಿಳುಪು ಚಿತ್ರಗಳ ಮೇಲೆ. ಮ್ಯಾನ್‌ಹೋಲಿನಿಂದ ಕತ್ತಿನವರೆಗೆ ಮೇಲೆದ್ದ ಮನುಷ್ಯ, ಕಸದ ರಾಶಿಯ ನಡುವೆ ನಿಂತ ಮನುಷ್ಯ. ನೋಡುವವರು ಮೂಗು ಮುಚ್ಚಿಕೊಳ್ಳುವಂತೆ ಮಾಡುವ ಚಿತ್ರಗಳು ಇವು. ಅರ್ಧ ಕರಾವಳಿಯೇ ದುಡಿಮೆಗೆಂದು ಹೋದ ಆ ಶಹರದಲ್ಲಿ ನಮ್ಮವರು ದಿನಾ ದಾಟಿ ಹೋದ ದೃಶ್ಯವೂ ಹೌದು.

ಮಂಗಳೂರಿಗೂ ಇದು ದೂರದ ಮಾತಲ್ಲ. ಇಲ್ಲಿ ಪುರಸಭೆಯ ಕಾಲದಿಂದಲೂ ಊರಿನ ಕಸ ಗುಡಿಸಿದವರಲ್ಲಿ ಕೊರಗರು ಬಹಳ ಮಂದಿ. 2022ರ ಏಪ್ರಿಲಿನಲ್ಲಿ ಬಜಪೆ ಸಮೀಪದ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತೊಟ್ಟಿಗೆ ಇಳಿದು, ವಿಷಾನಿಲ ಸೇವಿಸಿ 5 ಮಂದಿ ಸತ್ತರು. ಐವರೂ ಪಶ್ಚಿಮ ಬಂಗಾಳದಿಂದ ಬಂದ ಕಾರ್ಮಿಕರು. ನಗರದ ಅಂಚು ಎಂಬುದು ಒಂದೇ ಕಡೆ ನಿಲ್ಲುವುದಿಲ್ಲ, ಹೊಸಬರು ಬಂದಂತೆ ಅದೂ ಸರಿಯುತ್ತದೆ.

ರೀಲನ್ನು ಹಿಂದಿರುಗಿಸಿದ್ದು

ಸಾಕ್ಷ್ಯ ಬೇರೆ, ಭಾವಚಿತ್ರ ಬೇರೆ. ಸಾಕ್ಷ್ಯದಲ್ಲಿ ಅನ್ಯಾಯ ಕಾಣಬೇಕು, ಭಾವಚಿತ್ರದಲ್ಲಿ ವ್ಯಕ್ತಿ ಕಾಣಬೇಕು. ಈ ಎರಡನೆಯದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಘಟನೆ ದಿಲ್ಲಿಯದು.

1989ರಲ್ಲಿ ದಯಾನಿತಾ ಸಿಂಗ್ ಎಂಬ ತರುಣಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ಹಿಜಡಾ ಸಮುದಾಯದ ಚಿತ್ರ ತೆಗೆಯಲು ಹೋದರು. ಅಲ್ಲಿ ಮೋನಾ ಅಹ್ಮದ್ ಪರಿಚಯವಾದರು. ಚಿತ್ರ ತೆಗೆದದ್ದಾಯಿತು. ಅವು ಲಂಡನ್ನಿನಲ್ಲಿ ಅಚ್ಚಾಗುತ್ತವೆ ಎಂದು ತಿಳಿದಾಗ ಮೋನಾ ಬೇಡವೆಂದರು. ಅಲ್ಲಿ ಅವರ ಸಂಬಂಧಿಕರಿದ್ದರು. ಫಿಲ್ಮನ್ನು ತನಗೆ ಕೊಟ್ಟುಬಿಡು ಎಂದು ಕೇಳಿದರು. ದಯಾನಿತಾ ಕೊಟ್ಟುಬಿಟ್ಟರು. ಕೆಲಸ ಹುಡುಕುವ ವಯಸ್ಸಿನ ಫೋಟೊಗ್ರಾಫರಿಗೆ ಅದರ ಬೆಲೆ ಏನೆಂಬುದನ್ನು ವಿದ್ಯಾರ್ಥಿಗಳು ಊಹಿಸಬಹುದು.

ಆ ರೀಲು ಹೋಯಿತು, ಗೆಳೆತನ ಉಳಿಯಿತು. ಮೋನಾ ಮುಂದೆ ತಮ್ಮ ಸಮುದಾಯದಿಂದಲೂ ಹೊರಬಿದ್ದರು. ಮಡಿಲಿಗೆ ತಂದುಕೊಂಡ ಮಗಳು ಕೈತಪ್ಪಿದಳು. ದಿಲ್ಲಿಯ ಒಂದು ಸ್ಮಶಾನದಲ್ಲಿ ಮನೆ ಕಟ್ಟಿಕೊಂಡು ವಾಸಿಸಿದರು. ಈ ಎಲ್ಲ ವರ್ಷಗಳಲ್ಲೂ ದಯಾನಿತಾ ಚಿತ್ರ ತೆಗೆಯುತ್ತ ಹೋದರು, ಈಗ ಮೋನಾ ಅವರ ಒಪ್ಪಿಗೆಯಿಂದ. 2001ರಲ್ಲಿ ಪುಸ್ತಕ ಬಂತು. ಅದರ ಹೆಸರೇ 'ನಾನು ಮೋನಾ ಅಹ್ಮದ್' ಎಂಬರ್ಥದ್ದು. ಚಿತ್ರಗಳ ಜೊತೆಗಿರುವ ಮಾತು ಮೋನಾ ಅವರದೇ, ಪ್ರಕಾಶಕರಿಗೆ ಅವರು ಕಳುಹಿಸಿದ ಇ-ಮೇಲುಗಳು. ಮಗುವಿನ ಹುಟ್ಟುಹಬ್ಬ, ಕುಣಿತ, ಒಂಟಿತನ, ಕೋಪ, ಹಠ ಎಲ್ಲವೂ ಅದರಲ್ಲಿವೆ. ನೋಡಿದವರಿಗೆ ಹಿಜಡಾಗಳ ಬಗ್ಗೆ ತಿಳಿಯಿತು ಎನಿಸುವುದಕ್ಕಿಂತ ಮೋನಾ ಪರಿಚಯವಾದರು ಎನಿಸುತ್ತದೆ. 2017ರಲ್ಲಿ ಮೋನಾ ತೀರಿಕೊಂಡರು.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು 1936ರ 'ಮೈಗ್ರೆಂಟ್ ಮದರ್'. ಅಮೆರಿಕದ ಡೊರೊತಿಯಾ ಲ್ಯಾಂಗ್ ತೆಗೆದ, ಜಗತ್ತಿಡೀ ಬಲ್ಲ ಚಿತ್ರ ಅದು. ಹರಕು ಡೇರೆಯ ಬಳಿ ಗಲ್ಲಕ್ಕೆ ಕೈಯಾನಿಸಿ ಕುಳಿತ ಆ ತಾಯಿಯ ಹೆಸರನ್ನು ಲ್ಯಾಂಗ್ ಕೇಳಲೇ ಇಲ್ಲ. ನಲವತ್ತೆರಡು ವರ್ಷಗಳ ಬಳಿಕ, 1978ರಲ್ಲಿ, ಪತ್ರಕರ್ತರೊಬ್ಬರು ಹುಡುಕಿದಾಗ ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಗೊತ್ತಾಯಿತು. ಆ ಚಿತ್ರದಿಂದ ತಮಗೊಂದು ಕಾಸೂ ಬರಲಿಲ್ಲ, ಹೆಸರನ್ನೂ ಕೇಳಲಿಲ್ಲ, ತೆಗೆಯದಿದ್ದರೇ ಚೆನ್ನಾಗಿತ್ತು ಎಂಬ ನೋವು ಅವರಲ್ಲಿತ್ತು. ಚಿತ್ರ ಪ್ರಕಟವಾದಾಗ ಆ ಬಿಡಾರಕ್ಕೆ ಸರಕಾರ ಆಹಾರ ಕಳುಹಿಸಿದ್ದೂ ನಿಜ, ಅಷ್ಟರಲ್ಲಿ ಅವರ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು ಎಂಬುದೂ ನಿಜ.

ಬಣ್ಣ ಏಕೆ ಬೇಡ?

ಇಷ್ಟು ಬಣ್ಣದ ಕಾಲದಲ್ಲಿ ಇಂಥ ಚಿತ್ರಗಳನ್ನು ಇನ್ನೂ ಕಪ್ಪು-ಬಿಳುಪಿನಲ್ಲಿ ತೆಗೆಯುವುದೇಕೆ? ಮೊದಲು ಇದು ಖರ್ಚಿನ ಪ್ರಶ್ನೆಯಾಗಿತ್ತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಫಿಲ್ಮನ್ನು ಸ್ಟುಡಿಯೊಗಳು, ಪತ್ರಿಕೆಗಳು ಎರಡೂ ಬಳಸಿದವು. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಹಚ್ಚಿ, ಡೆವಲಪರು, ಹೈಪೊ ತಟ್ಟೆಗಳನ್ನಿಟ್ಟರೆ ಅದೇ ಡಾರ್ಕ್‌ರೂಮು. ಆ ಕಾರ್ಖಾನೆ ಈಗಿಲ್ಲ.

ಈಗಿನ ಕಾರಣ ಬೇರೆ. ಮೀನು ಮಾರುಕಟ್ಟೆಯಲ್ಲಿ ಬಣ್ಣದಲ್ಲಿ ಚಿತ್ರ ತೆಗೆದರೆ ಕಣ್ಣು ಮೊದಲು ಹೋಗುವುದು ನೀಲಿ ಟಾರ್ಪಾಲಿಗೆ, ಹಳದಿ ಕ್ರೇಟಿಗೆ. ಬಣ್ಣ ತೆಗೆದರೆ ಮುಖ ಮತ್ತು ಕೈ ಉಳಿಯುತ್ತವೆ. ಆದರೆ ಅಪಾಯವೂ ಅಲ್ಲೇ ಇದೆ. ಕಪ್ಪು-ಬಿಳುಪು ಏನನ್ನಾದರೂ ಚಂದ ಮಾಡಿಬಿಡುತ್ತದೆ, ಹಸಿವನ್ನೂ ಸಹ. 2025ರಲ್ಲಿ ತೀರಿಕೊಂಡ ಬ್ರೆಜಿಲ್‌ನ ಸೆಬಾಸ್ಟಿಯೊ ಸಲ್ಗಾಡೊ ಗಣಿ, ಬರ, ವಲಸೆಗಳ ಅಗಾಧ ಚಿತ್ರಗಳನ್ನು ಕೊಟ್ಟವರು. ಸಂಕಟವನ್ನು ಇಷ್ಟು ಸುಂದರವಾಗಿ ತೋರಿಸಬಹುದೇ ಎಂಬ ಆಕ್ಷೇಪ ಅವರನ್ನು ಕೊನೆತನಕ ಬಿಡಲಿಲ್ಲ. ನನ್ನ ಮಟ್ಟಿಗೆ ಆ ಆಕ್ಷೇಪ ಪೂರ್ತಿ ನ್ಯಾಯವಲ್ಲ. ಬಡವರ ಚಿತ್ರ ಕೊಳಕಾಗಿಯೇ ಇರಬೇಕೆಂದು ಯಾರು ಹೇಳಿದರು? ಆದರೆ ಫ್ರೇಮಿನ ಅಂದಕ್ಕೆಂದು ಮುದುಕಿಯೊಬ್ಬಳನ್ನು ಬಿಸಿಲಲ್ಲಿ ಕಾಯಿಸಿ ನಿಲ್ಲಿಸುವವರನ್ನು ಕಂಡಾಗ ಆ ಆಕ್ಷೇಪ ನೆನಪಾಗುತ್ತದೆ.

ಮೀನು ಮಾರುವವರ ಮಗ

ಅಂಚಿನವರ ಚಿತ್ರವನ್ನು ಅಂಚಿನವರೇ ತೆಗೆದರೆ ಹೇಗೆ? ತಮಿಳುನಾಡಿನ ಎಂ. ಪಳನಿ ಕುಮಾರ್ ಅವರನ್ನು ನೋಡಿ. ಮದುರೆಯಲ್ಲಿ ಮೀನು ಮಾರುವ ತಾಯಿಯ ಮಗ. ಇಂಜಿನಿಯರಿಂಗ್ ಓದಿ, 2013ರಲ್ಲಿ ಸಾಲ ಮಾಡಿ ಕ್ಯಾಮೆರಾ ಕೊಂಡು, ಮೊದಲು ಚಿತ್ರಿಸಿದ್ದು ತಾಯಿಯನ್ನೇ. ಆಮೇಲೆ ಒಳಚರಂಡಿಗಿಳಿಯುವ ಕಾರ್ಮಿಕರ, ಹಾಗೆ ಇಳಿದು ಸತ್ತವರ ಮನೆಗಳ ಚಿತ್ರ ತೆಗೆದರು. 2022ರಲ್ಲಿ ದಯಾನಿತಾ ಸಿಂಗ್ ಹೆಸರಿನಲ್ಲಿ ಕೊಡಲಾರಂಭಿಸಿದ ಸಾಕ್ಷ್ಯಚಿತ್ರ ಛಾಯಾಗ್ರಹಣ ಪ್ರಶಸ್ತಿ ಮೊದಲು ಸಂದದ್ದು ಇವರಿಗೇ. ಸಫಾಯಿ ಕಾರ್ಮಿಕರ, ಮೀನುಗಾರರ ಮಕ್ಕಳಿಗೆ ಅವರು ಫೋಟೊಗ್ರಫಿ ಕಲಿಸುತ್ತಾರೆ. ಹೊರಗಿನವರು ಬಂದು ತೆಗೆದ ಚಿತ್ರದಲ್ಲಿ ಆ ತಾಯಿ ಕೆಲಸದವಳಾಗಿ ಕಾಣುತ್ತಾಳೆ, ಮಗಳು ತೆಗೆದಾಗ ಅಮ್ಮನಾಗಿ ಕಾಣುತ್ತಾಳೆ.

ನಮ್ಮಲ್ಲೂ ಇದಕ್ಕೆ ನೆಲ ಹದವಾಗಿದೆ. ಕುದ್ಮುಲ್ ರಂಗರಾವ್ 19ನೆಯ ಶತಮಾನದ ಕೊನೆಯ ದಶಕದಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದ ಊರಿದು. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಕರ್ನಾಟಕದಲ್ಲಿ 2001ರ ಜನಗಣತಿಯಲ್ಲಿ 16 ಸಾವಿರದಷ್ಟಿದ್ದ ಕೊರಗರು 2011ರಲ್ಲಿ 15 ಸಾವಿರಕ್ಕಿಂತ ಕೆಳಗಿಳಿದಿದ್ದಾರೆ. ಇಷ್ಟು ಚಿಕ್ಕ ಸಮುದಾಯ, ಎಂಜಲಿಗೆ ಕೂದಲು ಉಗುರು ಬೆರೆಸಿ ತಿನ್ನಿಸುವ, ಕಂಬಳದಲ್ಲಿ ಕೋಣಗಳ ಮುಂದೆ ಓಡಿಸುವ ಅಜಲು ಪದ್ಧತಿಯ ವಿರುದ್ಧ ಹೋರಾಡಿ 2000ದಲ್ಲಿ ಅದರ ನಿಷೇಧಕ್ಕೆ ಪ್ರತ್ಯೇಕ ಕಾನೂನನ್ನೇ ತರಿಸಿಕೊಂಡಿತು. ಮಾರ್ನೆಮಿಯಲ್ಲಿ ಮೈಗೆ ಮಸಿ ಬಳಿದುಕೊಂಡು ಹಾಕುತ್ತಿದ್ದ 'ಕೊರಗ ವೇಷ' ತಮಗೆ ಅವಮಾನವೆಂದು ಹೇಳಿ ಅದನ್ನೂ ನಿಲ್ಲಿಸಲು ಹೋರಾಡಿತು. ಪ್ರತಿವರ್ಷ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತದೆ. ತಮ್ಮ ಚಿತ್ರ ಹೇಗಿರಬೇಕು, ಹೇಗಿರಬಾರದು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಜನ ಬೇರೆ ಯಾರಿದ್ದಾರೆ?

ಶಾಲೆ ಕಾಲೇಜುಗಳ ಪ್ರಾಜೆಕ್ಟಿಗೆಂದು ಮೊಬೈಲು ಹಿಡಿದು ಬಂದರಿಗೋ ಕಾಲೊನಿಗೋ ಹೊರಡುವ ಮಕ್ಕಳಿಗೆ, ಕಳುಹಿಸುವ ತಂದೆತಾಯಿಗಳಿಗೆ ಎರಡು ಮಾತು. ಮೊದಲ ದಿನ ಮೊಬೈಲು ಜೇಬಿನಲ್ಲೇ ಇರಲಿ. ಮಾತಾಡಿಸಿ, ತುಳುವಿನಲ್ಲಾದರೆ ತುಳುವಿನಲ್ಲಿ, ಬ್ಯಾರಿಯಲ್ಲಾದರೆ ಬ್ಯಾರಿಯಲ್ಲಿ. ಚಿತ್ರ ಎಲ್ಲಿ ತೋರಿಸುತ್ತೇವೆ ಎಂಬುದನ್ನು ಮೊದಲೇ ಹೇಳಬೇಕು. ಬೇಡವೆಂದರೆ ಬೇಡ, ತೆಗೆದ ಮೇಲೆ ಬೇಡವೆಂದರೂ ಬೇಡ. ಆಸರೆಯಿಲ್ಲದ, ರಕ್ಷಣೆಗೆ ಒಳಗಾದ ಮಕ್ಕಳ ಗುರುತು ಸಿಗುವಂತೆ ಚಿತ್ರ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅಪರಾಧ, ವಾಟ್ಸಪ್ಪಿನಲ್ಲಿ ಹರಿಯಬಿಡುವುದೂ ಬೇಡ. ಬೀಡಿ ಕಟ್ಟುವ ಅಕ್ಕನ ಚಿತ್ರ ತೆಗೆದರೆ ಸೂಪಿನ ಮೇಲೆ ಬಾಗಿದ ತಲೆಯನ್ನು ಮಾತ್ರ ತೆಗೆದು ಬರಬೇಡಿ, ಕೆಲಸ ಮುಗಿಸಿ ಎದ್ದು ನಿಂತಾಗಿನದೂ ಒಂದಿರಲಿ.

ಚಿತ್ರದ ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಅವರಿಗೇ ಕೊಟ್ಟು ಬನ್ನಿ. ಸ್ಟುಡಿಯೊದಲ್ಲಿ ಅದಕ್ಕೆ ತಗಲುವುದು ಒಂದು ಐಸ್‌ಕ್ರೀಮಿನ ದುಡ್ಡು. ನಿಮ್ಮಲ್ಲಿರುವ ಪ್ರತಿಯ ಹಿಂಬದಿಯಲ್ಲಿ ಅವರು ಹೇಳಿದ ಹಾಗೆಯೇ ಹೆಸರು, ಊರು, ತಾರೀಕು ಬರೆದಿಡಿ. ಪೆನ್ಸಿಲಿನಲ್ಲಿ ಬರೆಯುವುದು ಒಳ್ಳೆಯದು, ಬಾಲ್‌ಪೆನ್ನು ಒತ್ತಿದರೆ ಗೆರೆ ಮುಖದ ಮೇಲೆ ಮೂಡುತ್ತದೆ.